ಅಂಗಳದ ಕಡೆ ಹಿಡಿದ ನಕಾಶೆ

೧೯೫೫ನೇ ಇಸವಿ. ನಮ್ಮ ರೋಣ ಆಗ ಮುಂಬೈ ರಾಜ್ಯದಲ್ಲಿತ್ತು. ಆ ವರ್ಷದ ಜೂನ್ ತಿಂಗಳಲ್ಲಿ ನಾನು ಹೈಸ್ಕೂಲಿನ ಎಂಟನೆಯ ಇಯತ್ತೆಗೆ ಹೋಗಿ ಕೂತೆ. ನಮ್ಮ ಮನೆತನದಲ್ಲಿ ಹೈಸ್ಕೂಲಿನ ಹೊಸ್ತಿಲು ದಾಟಿದ ಮೊದಲ ಹೆಣ್ಣು ನಾನೇ. ಓದಿದ್ದು ಒಂದೇ ವರ್ಷ. ಆ ವರ್ಷದ ಒಂದು ಮಧ್ಯಾಹ್ನ ನಾನು ಹೆದರಿದಷ್ಟು ಆಮೇಲೆ ಎಂದೂ ಹೆದರಿಲ್ಲ. ಹೆರಿಗೆಯಲ್ಲಿ ಹೆದರಲಿಲ್ಲ, ಹೊಲದಲ್ಲಿ ಹಾವು ತುಳಿದಾಗ ಹೆದರಲಿಲ್ಲ, ಗಂಡ ಹೋದಾಗಲೂ ಹೆದರಲಿಲ್ಲ. ಅದನ್ನೇ ಬರೆಯುತ್ತೇನೆ. ಹೇಳಿಕೊಳ್ಳುವಂಥ ವಿಷಯವಲ್ಲ ಅಂತ ಕೆಲವರು ಮೂಗು ಮುರಿಯಬಹುದು. ಮುರಿಯಲಿ.

ನಮ್ಮದು ಒಕ್ಕಲುತನದ ಮನೆ. ಯಜಮಾನಿಕೆ ಮುತ್ಯಾನದು, ಅಂದರೆ ಅಪ್ಪನ ಅಪ್ಪನದು. ಅವನ ಮುಂದೆ ಅಪ್ಪನೇ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ, ಇನ್ನು ಅವ್ವನ ಮಾತು ದೂರ ಉಳಿಯಿತು. ನಾನು ಏಳನೆಯ ಇಯತ್ತೆ ಪಾಸಾದಾಗ ಅಪ್ಪ ಅಂಜುತ್ತ ಅಂಜುತ್ತ ಹೈಸ್ಕೂಲಿನ ಮಾತು ತೆಗೆದ. ಮುತ್ಯಾ ಕಟ್ಟೆಯ ಮೇಲೆ ಕೂತು ಅಂಗೈಯಲ್ಲಿ ತಂಬಾಕು ತಿಕ್ಕುತ್ತಿದ್ದ.

"ದೊಡ್ಡಾಕಿ ಆಗೂತನಾ ಹೋಗ್ಲಿ," ಅಂದ. "ಆದ ದಿನಾ ಚೀಲಾ ಗೂಟಕ್ಕ. ಆಮ್ಯಾಲೆ ನನ್ನ ಮುಂದ ಯಾರೂ ಸಾಲಿ ಮಾತ ಆಡಬಾರದು."

ಹುಡುಗಿ ಮೈನೆರೆಯುವುದಕ್ಕೆ ನಮ್ಮ ಕಡೆ ದೊಡ್ಡಾಕಿ ಆಗುವುದು ಅನ್ನುತ್ತಾರೆ. ಆಗ ಅದು ಮುಚ್ಚಿಡುವ ಸಂಗತಿಯಾಗಿರಲಿಲ್ಲ. ಪಡಸಾಲೆಯಲ್ಲಿ ಕೂಡಿಸುತ್ತಿದ್ದರು. ಓಣಿಯ ಹೆಂಗಸರೆಲ್ಲ ಬಂದು ಸೋಬಾನ ಹಾಡುತ್ತಿದ್ದರು, ಉಂಡಿ ಹಂಚುತ್ತಿದ್ದರು. ಅಂದರೆ ಊರಿಗೆಲ್ಲ ಡಂಗುರ ಹೊಡೆದ ಹಾಗೆ. ಅದರ ಬೆನ್ನಿಗೇ ಮದುವೆ.

ನನ್ನ ವಿಷಯದಲ್ಲಿ ವರ ಆಗಲೇ ಸಿದ್ಧನಿದ್ದ. ಚಿಕ್ಕನರಗುಂದದ ಕಡೆಯವ, ಎಲೆಅಡಿಕೆ ತಿಂದು ತಿಂದು ಹಲ್ಲು ಕೆಂಪಾದವ. ಎತ್ತು ನೋಡಲು ನಮ್ಮ ಮನೆಗೆ ಬಂದವನು ನನ್ನನ್ನೂ ನೋಡಿದ್ದ. ನೀರು ಕೊಡಲು ಹೋದಾಗ ತಂಬಿಗೆಯ ಜೊತೆಗೆ ನನ್ನ ಮಣಿಕಟ್ಟನ್ನೂ ಹಿಡಿದು ಹಿಸುಕಿ, "ಎಲವು ಗಟ್ಟಿ ಅದಾವು" ಅಂತ ಮುತ್ಯಾನಿಗೆ ಹೇಳಿದ. ಎತ್ತಿನ ಹಲ್ಲು ನೋಡಿದ ಕೈಯಲ್ಲೇ ಹಿಡಿದಿದ್ದ. ಅವನ ಮೊದಲ ಹೆಂಡತಿ ಬಾವಿಯಲ್ಲಿ ಸತ್ತಿದ್ದಳು. ಕಾಲು ಜಾರಿ ಬಿದ್ದಳು ಅನ್ನುವವರೂ ಇದ್ದರು, ಹಾರಿದಳು ಅನ್ನುವವರೂ ಇದ್ದರು. ಮುತ್ಯಾ ಮಾತು ಕೊಟ್ಟುಬಿಟ್ಟ, "ದೊಡ್ಡಾಕಿ ಆದ ಮ್ಯಾಲೆ ನೋಡೂಣು" ಅಂತ.

ಹೀಗಾಗಿ ನನಗೆ ಸಾಲಿ ಅಂದರೆ ಓದು ಒಂದೇ ಆಗಿರಲಿಲ್ಲ. ಸಾಲಿಗೆ ಹೋಗುವಷ್ಟು ದಿನ ನಾನು ಆ ಮನುಷ್ಯನ ಮನೆಗೆ ಹೋಗುವುದಿಲ್ಲ, ಅಷ್ಟೇ ನನಗೆ ತಿಳಿದ ಲೆಕ್ಕ.

ನಮ್ಮ ವರ್ಗದಲ್ಲಿ ಹುಡುಗಿಯರು ಇಬ್ಬರೇ. ನಾನು ಮತ್ತು ಕಮಲಾ. ಅವಳ ಅಪ್ಪ ದವಾಖಾನೆಯಲ್ಲಿ ಕಂಪೌಂಡರ್. ಅವಳು ನನಗಿಂತ ಒಂದು ವರ್ಷ ದೊಡ್ಡವಳು, ಮಾತಿನಲ್ಲಿ ಹತ್ತು ವರ್ಷ ದೊಡ್ಡವಳು. ಉಳಿದವರೆಲ್ಲ ಹುಡುಗರು. ಅಬ್ಬಿಗೇರಿಯಿಂದ ನಡೆದು ಬರುವವರೂ ಇದ್ದರು.

ಎಲ್ಲ ಮಾಸ್ತರರಿಗಿಂತ ನಾವು ಹೆಚ್ಚು ಅಂಜುತ್ತಿದ್ದದ್ದು ಇತಿಹಾಸದ ಮಾಸ್ತರರಿಗೆ. ಅವರ ಹೆಸರು ಬರೆಯುವುದಿಲ್ಲ. ಕರಿ ಕೋಟು, ಕರಿ ಟೊಪ್ಪಿಗೆ, ನಗು ಎಂಬುದು ಅವರ ಮುಖಕ್ಕೆ ಗೊತ್ತೇ ಇರಲಿಲ್ಲ. ಮೊದಲ ದಿನ ಬಂದವರೇ ಗೋಡೆಗೆ ಜಗತ್ತಿನ ನಕಾಶೆ ತೂಗುಹಾಕಿದರು. ಹೊರಸಿನಷ್ಟು, ಅಂದರೆ ಮಂಚದಷ್ಟು ಅಗಲದ್ದು, ಹಿಂದೆ ಬಟ್ಟೆ ಅಂಟಿಸಿದ್ದು, ಮೇಲೊಂದು ಕೆಳಗೊಂದು ಕೋಲು. ಅದಕ್ಕೆ ಬೆನ್ನು ಮಾಡಿ ನಿಂತು ತಮ್ಮ ನಿಯಮ ಹೇಳಿದರು.

"ಇದು ಜಗತ್ತಿನ ಇತಿಹಾಸದ ತಾಸು. ಇಲ್ಲಿ ಪುಸ್ತಕಾ ಮುಚ್ಚಿರಬೇಕು, ಕಣ್ಣು ಕಿವಿ ತೆರದಿರಬೇಕು. ನಾ ಹೆಸರ ಕರದಾಗ ನಾಕ ಕೆಲಸ. ನಿಲ್ಲು, ನಡಿ, ತೋರಸು, ಹೇಳು. ಎದ್ದ ನಿಲ್ಲಬೇಕು, ನಕಾಶೆ ತನಕಾ ನಡೀಬೇಕು, ದೇಶಾ ತೋರಸಬೇಕು, ಅಲ್ಲಿ ಏನಾತು ಹೇಳಬೇಕು. ಕೂತಲ್ಲಿಂದ ಯಾರರೆ ಗೊಣಗಿದ್ರ ಅದು ಉತ್ತರ ಅಲ್ಲ. ತಪ್ಪಿದವರು ಸರಿ ಉತ್ತರಾ ಬರೂತನಾ ನಕಾಶೆ ಮಗ್ಗಲಕ ನಿಂತಿರಬೇಕು. ನಡುವ ಹೊರಗ ಹೋಗತೀನಿ ಅನ್ನೂ ಮಾತ ಇಲ್ಲ. ನಕಾಶೆ ಕೈಲೇ ಮುಟ್ಟಬಾರದು, ಕೋಲಿಲೇ ತೋರಸಬೇಕು."

ಒಬ್ಬ ಹುಡುಗ ನಕ್ಕ. ಅವನ ಕಡೆ ನೋಡಿ, "ಬೆತ್ತಾ ಗಂಡಹುಡುಗರಿಗೆ," ಅಂದರು. ಆಮೇಲೆ ನಮ್ಮ ಬೆಂಚಿನ ಕಡೆ ತಿರುಗಿ, "ಹುಡುಗ್ಯಾರಿಗೆ ನಾ ಹೊಡಿಯೂದಿಲ್ಲ. ಮನಿಗೆ ಹೇಳಿ ಕಳಸ್ತೀನಿ," ಅಂದರು.

ನನಗಂತೂ ಬೆತ್ತವೇ ವಾಸಿ ಅನಿಸಿತು.

ಇನ್ನೊಂದು ನಿಯಮ ಎಲ್ಲ ಮಾಸ್ತರರದೂ ಇತ್ತು, ಆದರೆ ಇವರಷ್ಟು ಬಿಗಿಯಾಗಿ ಯಾರೂ ನಡೆಸುತ್ತಿರಲಿಲ್ಲ. ಹುಡುಗಿಯರಿಗೆ ವೆರಾಂಡದ ಕೊನೆಯಲ್ಲಿ ಒಂದು ಸಣ್ಣ ಖೋಲಿ. ತಾಸು ಶುರುವಾಗುವಾಗ ನಾವು ಅಲ್ಲಿಂದ ಮಾಸ್ತರರ ಹಿಂದೆ ಹಿಂದೆ ಬಂದು ಮುಂದಿನ ಬೆಂಚಿನಲ್ಲಿ ಕೂಡಬೇಕು. ಗಂಟೆ ಬಾರಿಸಿದಾಗ ಮೊದಲು ಮಾಸ್ತರರು, ಅವರ ಹಿಂದೆ ನಾವು. ನಾವು ಖೋಲಿ ಮುಟ್ಟುವವರೆಗೆ ಒಬ್ಬ ಹುಡುಗನೂ ಕೂತಲ್ಲಿಂದ ಅಲ್ಲಾಡಬಾರದು. ಹುಡುಗಿಯರಿಗೆ ಯಾರೂ ಮೈ ತಾಗಿಸಬಾರದು, ತೊಂದರೆ ಕೊಡಬಾರದು ಅಂತ ಮಾಡಿದ್ದು. ಒಳ್ಳೆಯದಕ್ಕೇ ಮಾಡಿದ್ದು. ಆದರೆ ಎಲ್ಲರೂ ಕೂತಿರುವಾಗ ನಾವಿಬ್ಬರೇ ಎದ್ದು ಹೋಗಬೇಕಲ್ಲ, ಇಡೀ ವರ್ಗದ ಕಣ್ಣು ನಮ್ಮ ಬೆನ್ನಿನ ಮೇಲೇ. ಕಮಲಾ ದಿನಾ ಗೊಣಗುತ್ತಿದ್ದಳು, "ನಮ್ಮನ್ನ ಸಂತ್ಯಾಗಿನ ಎಮ್ಮಿ ಮಾಡ್ಯಾರ" ಅಂತ.

ಪಾಠ ನನಗೆ ಬರುತ್ತಿತ್ತು. ಮನೆಯಲ್ಲಿ ಓದಲು ಹೊತ್ತು ಸಿಗುತ್ತಿರಲಿಲ್ಲ. ಸಗಣಿ ಬಳಿಯುವಾಗ, ಹತ್ತಿ ಬಿಡಿಸುವಾಗ ಬಾಯಲ್ಲೇ ಹೇಳಿಕೊಳ್ಳುತ್ತಿದ್ದೆ. ಈಜಿಪ್ತ, ರೋಮ, ಎಲ್ಲಾ ಬಾಯಿಪಾಠ. ಯಾಕೆಂದರೆ ಒಂದು ಸಲ ತಪ್ಪಿದರೂ ಮಾಸ್ತರರು ಸಂತೆಯಲ್ಲಿ ಮುತ್ಯಾನನ್ನು ನಿಲ್ಲಿಸಿ ಹೇಳುತ್ತಾರೆ, ಮುತ್ಯಾನಿಗೆ ಅಷ್ಟೇ ನೆಪ ಸಾಕು ಅಂತ ನನಗೆ ಗೊತ್ತಿತ್ತು.

ಸಂಕ್ರಮಣ ಮುಗಿದು ಕೆಲವು ದಿನವಾಗಿತ್ತು. ಎರಿ ಹೊಲದಲ್ಲಿ ಕಡಲೆ ಕಾಯಿ ಕಟ್ಟಿತ್ತು. ಅದರ ಹಸಿ ಕಾಯಿಗೆ ನಾವು ಸುಲಗಾಯಿ ಅನ್ನುತ್ತೇವೆ. ಹಿಂದಿನ ದಿನ ಹೊಲಕ್ಕೆ ಬುತ್ತಿ ಒಯ್ದವಳು ಉಡಿ ತುಂಬ ಸುಲಗಾಯಿ ಕಿತ್ತು ತಿಂದಿದ್ದೆ. ಬೆಳಿಗ್ಗೆ ಎದ್ದಾಗ ಕಿಬ್ಬೊಟ್ಟೆ ಹಿಂಡುತ್ತಿತ್ತು. ಅವ್ವನಿಗೆ ಹೇಳಿದೆ. "ಹಸೇವು ಮುಕ್ಕಿದರ ಹೊಟ್ಟಿ ಹಿಂಡದ ಏನ ಮಾಡತೈತಿ" ಅಂತ ಬೈದು ಅಜಿವಾನ ಕೊಟ್ಟು ಕಳಿಸಿದಳು. ನಾನೂ ಸುಲಗಾಯಿಯದೇ ಅಂದುಕೊಂಡೆ. ಸಂಕ್ರಮಣಕ್ಕೆ ಹೊಲಿಸಿದ ತಿಳಿ ಹಳದಿ ಪರಕಾರ ಉಟ್ಟುಕೊಂಡು ಹೋದೆ.

ಮಧ್ಯಾಹ್ನದ ಸೂಟಿಗೆ ಮೊದಲಿನ ತಾಸು ಇತಿಹಾಸದ್ದು. ಫ್ರಾನ್ಸ್ ದೇಶದ ಕ್ರಾಂತಿಯ ಪಾಠ. ನೋವು ಸೊಂಟಕ್ಕೆ ಇಳಿದಿತ್ತು. ಆಮೇಲೆ ಬೆಂಚಿನ ಮೇಲೆ ಹಸಿಯಾದಂತೆ ಅನಿಸಿತು. ಏನು ಅಂತ ನನಗೆ ತಿಳಿಯಲಿಲ್ಲ. ಈಗಿನ ಹುಡುಗಿಯರಿಗೆ ನಗು ಬರಬಹುದು, ಖರೇನೇ ತಿಳಿಯಲಿಲ್ಲ. ದೊಡ್ಡಾಕಿ ಆಗುವುದು ಅಂದರೆ ಸೋಬಾನ ಹಾಡುವುದು, ಉಂಡಿ ಹಂಚುವುದು ಅಂತ ಗೊತ್ತಿತ್ತೇ ಹೊರತು ಮೈಗೆ ಏನಾಗುತ್ತದೆ ಅಂತ ಯಾರೂ ಹೇಳಿರಲಿಲ್ಲ. ಮೆಲ್ಲಗೆ ಕೈ ಹಾಕಿ ನೋಡಿಕೊಂಡೆ. ಬೆರಳಿಗೆ ರಕ್ತ.

ಹೊಟ್ಟೆಯೊಳಗೆ ಏನೋ ಹರಿದುಹೋಗಿದೆ, ಸಾಯುತ್ತೇನೆ ಅಂದುಕೊಂಡೆ. ಕಮಲಾ ನನ್ನ ಬೆರಳು ನೋಡಿದಳು, ಬೆಂಚು ನೋಡಿದಳು. ಅವಳ ಮುಖವೂ ಬಿಳುಚಿತು.

"ನೀಲಾ, ಏಳಬ್ಯಾಡ," ಅಂತ ತುಟಿ ಅಲ್ಲಾಡಿಸದೆ ಅಂದಳು.

"ಏನಾಗೇತಿ ನನಗ?"

"ಏನೂ ಆಗಿಲ್ಲ. ದೊಡ್ಡಾಕಿ ಆಗೀದಿ. ಏನಾದ್ರೂ ಏಳಬ್ಯಾಡ."

ಸಾಯುವ ಹೆದರಿಕೆ ಹೋಯಿತು. ಅದರ ಜಾಗಕ್ಕೆ ಬಂದದ್ದು ಅದಕ್ಕಿಂತ ಕೆಟ್ಟದ್ದು. ಆ ಕೆಂಪು ಹಲ್ಲಿನ ಮನುಷ್ಯ, ನನ್ನ ಮಣಿಕಟ್ಟು ಹಿಡಿದ ಅವನ ಕೈ, ಆ ಬಾವಿ. ಈಗ ಎದ್ದರೆ ಹಿಂದೆ ಕೂತ ಹುಡುಗರೆಲ್ಲ ನೋಡುತ್ತಾರೆ. ಒಬ್ಬ ನೋಡಿದರೂ ಸಂಜೆಯೊಳಗೆ ಊರಿಗೆ ಗೊತ್ತಾಗುತ್ತದೆ. ಊರಿಗೆ ಗೊತ್ತಾದರೆ ಮುತ್ಯಾನಿಗೆ ಗೊತ್ತಾಗುತ್ತದೆ.

ಅಷ್ಟರಲ್ಲಿ ಮಾಸ್ತರರು ನನ್ನ ಹೆಸರು ಕರೆದರು.

"ನಿಲ್ಲು."

ನಾನು ನಿಲ್ಲಲಿಲ್ಲ.

ಅವರ ತಾಸಿನಲ್ಲಿ ಹಾಗೆ ಆದದ್ದೇ ಇಲ್ಲ. ಅವರು ಇನ್ನೊಮ್ಮೆ ಕರೆದರು. ನಾನು ಬೆಂಚಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡು ತಲೆ ತಗ್ಗಿಸಿ ಕೂತೆ.

"ಕಿವಿ ಕೇಳಸಂಗಿಲ್ಲೇನು?"

ಕಮಲಾ ತಟ್ಟನೆ ಎದ್ದಳು. "ಸರ್, ಆ ಪಾಠಾ ನಾ ಹೇಳ್ತೀನ್ರಿ."

"ನಿನ್ನ ಕರದೇನೇನು? ಕೂಡು."

ಕಮಲಾ ಕೂತಳು. ಹಿಂದೆ ಯಾರೋ ಕಿಸಕ್ಕಂದರು. ಇನ್ನೊಬ್ಬ, "ಪಾಠಾ ಬರೂದಿಲ್ರಿ ಸರ್ ಅಕೀಗೆ, ಸಂಕ್ರಮಣದ ಹೋಳಿಗಿ ಇನ್ನೂ ಕರಗಿಲ್ಲ" ಅಂದ. ನಗೆ ಎದ್ದಿತು. ಮಾಸ್ತರರು ಮೇಜಿನ ಮೇಲೆ ಬೆತ್ತ ಬಡಿದರು. ನಗೆ ಅಲ್ಲೇ ಸತ್ತಿತು.

"ಬರೂದಿಲ್ಲಂದ್ರ ಬರೂದಿಲ್ಲ ಅನ್ನು. ಸುಮ್ಮ ಕೂಡಬ್ಯಾಡ," ಅಂದರು ನನಗೆ.

ನನಗೆ ಏನು ಧೈರ್ಯ ಬಂತೋ, ಅಥವಾ ಹೆದರಿಕೆ ಹೆಚ್ಚಾಗಿ ಬುದ್ಧಿ ಕೆಟ್ಟಿತೋ, ಕೂತಲ್ಲಿಂದಲೇ ಪಾಠ ಹೇಳತೊಡಗಿದೆ. ಫ್ರಾನ್ಸಿನ ರಾಜನ ದರ್ಬಾರು, ಜನರ ಮೇಲಿನ ತೆರಿಗೆ, ಸೆರೆಮನೆ ಒಡೆದದ್ದು. ಪ್ಯಾರಿಸ್ ಪಟ್ಟಣದ ಹೆಂಗಸರು ರೊಟ್ಟಿ ಸಿಗದೆ ಸಿಟ್ಟಿಗೆದ್ದು, ಮಳೆಯಲ್ಲಿ ನೆನೆಯುತ್ತ ನಡೆದು ರಾಜನ ಅರಮನೆಗೆ ಹೋದದ್ದು. ಇಸವಿ ಸಹ ತಪ್ಪಲಿಲ್ಲ. ಆ ಹೆಂಗಸರು ಅಷ್ಟು ದೂರ ನಡೆದರು, ನನಗೆ ಬೆಂಚಿನಿಂದ ಎದ್ದು ನಕಾಶೆಯವರೆಗೆ ನಡೆಯಲು ಆಗಲಿಲ್ಲ.

ಮುಗಿಸಿದೆ. ಮಾಸ್ತರರ ಮುಖ ಇನ್ನೂ ಬಿಗಿಯಾಯಿತು.

"ಅಂದ್ರ ಪಾಠಾ ಬರ್ತದ, ಏಳಲಿಕ್ಕೆ ಮನಸಿಲ್ಲ. ಇದಕ್ಕ ಸೊಕ್ಕು ಅಂತಾರ."

ಅವರು ಕಟ್ಟೆ ಇಳಿದು ನಮ್ಮ ಬೆಂಚಿನ ಹತ್ತಿರ ಬಂದರು. ಅವರ ಚಪ್ಪಲಿಯ ಸಪ್ಪಳ ನನ್ನ ಎದೆಯೊಳಗೆ ಕೇಳಿಸುತ್ತಿತ್ತು. ಮೇಲೆ ನೋಡಲಿಲ್ಲ. ಧೋತರದ ಅಂಚು, ಅದರ ಕೆಳಗೆ ಎರಡು ಚಪ್ಪಲಿ, ಅಷ್ಟೇ ಕಂಡಿತು. ನಾನು ಪರಕಾರವನ್ನು ಮುದ್ದೆ ಮಾಡಿ ತೊಡೆಯ ಕೆಳಗೆ ಒತ್ತಿಕೊಂಡಿದ್ದೆ. ಬೆರಳಿನ ಕಲೆ ಒರೆಸಿಕೊಂಡಿರಲಿಲ್ಲ.

ಅವರು ಬೆಂಚಿನ ಮುಂದೆ ನಿಂತರು. ಎಷ್ಟು ಹೊತ್ತು ನಿಂತರೋ ತಿಳಿಯದು. ಆಮೇಲೆ ಕಮಲಾ ಹೇಳಿದ್ದು: ಅವರು ಅವಳ ಕಡೆ ನೋಡಿದರಂತೆ, ಅವಳು ಕಣ್ಣು ಕೆಳಗೆ ಮಾಡಿ ತುಸುವೇ ತಲೆ ಅಲ್ಲಾಡಿಸಿದಳಂತೆ. ಅವರು ತಿರುಗಿ ಹೋಗಿ ಕಿಟಕಿಯ ಹತ್ತಿರ ನಮಗೆ ಬೆನ್ನು ಮಾಡಿ ನಿಂತರು. ಬೇರೆ ಯಾರನ್ನೂ ಕರೆಯಲಿಲ್ಲ.

ಗಂಟೆ ಬಾರಿಸಿತು.

ನಾನು ಕಣ್ಣು ಮುಚ್ಚಿಕೊಂಡೆ. ಈಗ ಮಾಸ್ತರರು ಹೊರಡುತ್ತಾರೆ, ಹಿಂದೆ ನಾವು ಹೋಗಬೇಕು, ನಮ್ಮ ಹಿಂದೆ ಎಲ್ಲರ ಕಣ್ಣು. ಕಮಲಾ ನನ್ನ ಕೈ ಹಿಡಿದಳು.

ಮಾಸ್ತರರು ಕಿಟಕಿಯಿಂದ ತಿರುಗದೆಯೇ ಹೇಳಿದರು, "ಇವತ್ತ ಗಂಡಹುಡುಗ್ರು ಮೊದಲ ಹೋಗ್ರಿ."

ಒಬ್ಬನೂ ಅಲ್ಲಾಡಲಿಲ್ಲ. ಏಳು ತಿಂಗಳಿಂದ ಬೆತ್ತದ ಏಟು ತಿಂದು ಕಲಿತ ನಿಯಮ, ಅವರಾದರೂ ಹೇಗೆ ಎದ್ದಾರು? ಹಿಂದಿನ ಬೆಂಚಿನಿಂದ ಒಬ್ಬ, "ಸರ್, ಹುಡುಗ್ಯಾರು ಇನ್ನೂ ಹೋಗಿಲ್ರಿ" ಅಂದ.

"ನಿಯಮಾ ಮಾಡಿದಾಂವ ನಾನೋ ನೀನೋ? ಏಳ್ರಿ ಅಂದೆ!"

ಬೆಂಚುಗಳು ಕಿರುಗುಟ್ಟಿದವು. ಹುಡುಗರು ದಡಬಡ ಹೊರಗೆ ಓಡಿದರು. ಆದರೆ ಸೂಟಿಯಲ್ಲವೇ, ಎಲ್ಲರೂ ಅಂಗಳದಲ್ಲೇ ನಿಂತರು. ನಮ್ಮ ಖೋಲಿಗೆ ಹೋಗಬೇಕೆಂದರೆ ಆ ಅಂಗಳದ ಮುಂದೆ ವೆರಾಂಡದುದ್ದಕ್ಕೂ ನಡೆಯಬೇಕು.

ಮಾಸ್ತರರು ಗೋಡೆಯ ಹತ್ತಿರ ಹೋಗಿ ನಕಾಶೆಯನ್ನು ಮೊಳೆಯಿಂದ ಇಳಿಸಿದರು. ಎಂದಿನಂತೆ ಸುತ್ತಲಿಲ್ಲ. ಬಿಚ್ಚಿದ್ದು ಬಿಚ್ಚಿದ ಹಾಗೆ ಮೇಜಿನ ಮೇಲೆ ಇಟ್ಟರು. ನಮ್ಮ ಕಡೆ ನೋಡದೆ, ಗೋಡೆಗೆ ಹೇಳಿದ ಹಾಗೆ ಹೇಳಿದರು:

"ಇದನ್ನ ನಿಮ್ಮ ಖೋಲ್ಯಾಗ ಇಡ್ರಿ. ಸುತ್ತಬ್ಯಾಡ್ರಿ. ಮ್ಯಾಲಿನ ಕೋಲು ಆಕಡೆ ಒಬ್ಬಾಕಿ ಈಕಡೆ ಒಬ್ಬಾಕಿ ಹಿಡಕೊಂಡು ಹೋಗ್ರಿ. ಅಂಗಳದ ಕಡೆ ಹಿಡೀರಿ."

ಹೊರಗೆ ಹೋದರು. ವೆರಾಂಡದಲ್ಲಿ ನಿಂತು ಹುಡುಗರಿಗೆ ಏನೋ ನೆಪ ತೆಗೆದು ಬೈಯುವುದು ಕೇಳಿಸಿತು.

ನಾನು ಎದ್ದೆ. ಕಮಲಾ ತನ್ನ ಪಾಟಿ ಒರೆಸುವ ಹಸಿ ಅರಿವೆಯಿಂದ ಬೆಂಚು ಒರೆಸಿದಳು. ಕೈಯಿಂದ ಮುಟ್ಟಬಾರದು ಅಂತ ಹೇಳಿದ ನಕಾಶೆಯನ್ನು ಎರಡು ತುದಿ ಹಿಡಿದು ಎತ್ತಿದೆವು. ನಾನು ಮುಂದೆ, ಅವಳು ಹಿಂದೆ. ಅಂಗಳದ ಕಡೆಗೆ ಜಗತ್ತು, ಗೋಡೆಯ ಕಡೆಗೆ ನಾವು. ಎದೆಯಿಂದ ಪಾದದವರೆಗೆ ಮರೆ. ಕೆಳಗಿನ ಕೋಲು ನೆಲಕ್ಕೆ ಬಡಿಯುತ್ತಿತ್ತು.

"ಲಗೂ ನಡಿ," ಅನ್ನುತ್ತಿದ್ದಳು ಕಮಲಾ. "ಕೋಲು ಕೆಳಗ ಬಿಟ್ಟಿ ಅಂದ್ರ ನಾನ ನಿನ್ನ ಕೊಲ್ಲತೀನಿ."

ಅಂಗಳದಿಂದ ಯಾರೋ ಕೂಗಿದರು, "ನೋಡ್ರೋ, ನೋಡ್ರೋ, ಹುಡುಗ್ಯಾರು ಜಗತ್ತು ಹೊತಗೊಂಡ ಹೊಂಟಾರ!" ಎಲ್ಲರೂ ನಕ್ಕರು. ಆ ನಗೆ ಕೇಳಿ ನನಗೆ ಸ್ವಲ್ಪ ಉಸಿರು ಬಂತು. ನಕಾಶೆ ನೋಡಿ ನಗುತ್ತಿದ್ದಾರೆ ಅಂದರೆ ಬೇರೆ ಏನೂ ಕಂಡಿಲ್ಲ ಅಂತ ತಾನೇ?

ಕಮಲಾಳ ಮನೆ ಹತ್ತಿರವೇ ಇತ್ತು. ಓಡಿಹೋಗಿ ತನ್ನದೊಂದು ಪರಕಾರ, ಹಳೆಯ ಅರಿವೆ ತಂದುಕೊಟ್ಟಳು, ಹೇಗೆ ಕಟ್ಟಿಕೊಳ್ಳಬೇಕು ಅಂತ ಹೇಳಿಕೊಟ್ಟಳು. ಹೊಟ್ಟೆನೋವು ಅಂತ ನೆಪ ಹೇಳಿ ನಾನು ಮನೆಗೆ ಹೋದೆ. ಕಲೆಯಾದ ಪರಕಾರವನ್ನು ದಾರಿಯಲ್ಲಿ ಹಳ್ಳದ ನೀರಿನಲ್ಲಿ ಅದ್ದಿ ತಿಕ್ಕಿದೆ. ಪೂರ್ತಿ ಹೋಗಲಿಲ್ಲ. ಮಡಿಚಿ ಚೀಲದ ತಳದಲ್ಲಿ ತುರುಕಿದೆ.

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದರೆ ನಾನು ಮೂರ್ಖಳು. ಮಾಸ್ತರರಿಗೆ ತಿಳಿದಿತ್ತು. ಹುಡುಗಿಯರದು ಏನೇ ಇದ್ದರೂ ಮನೆಗೆ ಹೇಳಿ ಕಳಿಸುವ ಮನುಷ್ಯ ಅವರು. ಮಧ್ಯಾಹ್ನವೆಲ್ಲ ಬಾಗಿಲ ಕಡೆಯೇ ನೋಡುತ್ತ ಕೂತೆ. ನಾಯಿ ಬೊಗಳಿದರೂ ಎದ್ದು ನೋಡುತ್ತಿದ್ದೆ.

ದೀಪ ಹಚ್ಚುವ ಹೊತ್ತಿಗೆ ಬಂದದ್ದು ಮಾಸ್ತರರಲ್ಲ, ಅವರ ಹೆಂಡತಿ. ಹಿಂದೆಂದೂ ನಮ್ಮ ಮನೆಗೆ ಬಂದವರಲ್ಲ. ಕೈಯಲ್ಲಿ ಕುಂಕುಮದ ಭರಣಿ. ಕಟ್ಟೆಯ ಮೇಲಿದ್ದ ಮುತ್ಯಾ ಕೇಳಿದ, "ಯಾರ ಮನಿಯವರಬೇ ನೀವು?"

"ಹೈಸ್ಕೂಲ ಮಾಸ್ತರ ಮನಿಯವರ್ರಿ. ಸಂಕ್ರಮಣದ ಅರಿಷಿಣ ಕುಂಕುಮಾ ಕೊಡಬೇಕಾಗಿತ್ತು," ಅಂದವರೇ ಒಳಗೆ ನಡೆದರು.

ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾನು ಪಕ್ಕದ ಖೋಲಿಯಲ್ಲಿ ಜೋಳದ ಚೀಲಗಳ ಹಿಂದೆ ಸರಿದೆ. ಅಲ್ಲಿಂದ ಮಾತು ಕೇಳಿಸುತ್ತಿತ್ತು.

"ಬರ್ರಿ ಬಾಯಾರ, ಕೂಡ್ರಿ," ಅಂದಳು ಅವ್ವ ಗಾಬರಿಯಾಗಿ. "ಹುಡುಗಿ ಏನರೆ ಮಾಡಿದ್ಲೇನ್ರಿ?"

"ಏನೂ ಮಾಡಿಲ್ರಿ. ನಮ್ಮವರು ಊಟಕ್ಕ ಬಂದ್ರು, ತಾಟಿನ ಮುಂದ ಕೂತ್ರು, ಕಲಿಸಿದ ಅನ್ನಾ ಹಂಗಽ ಬಿಟ್ರು. 'ಆ ಹುಡುಗಿ ಮನಿಗೆ ಹೋಗಿ ಬಾ' ಅಂದ್ರು. ಯಾಕ ಅಂತ ಕೇಳಿದ್ರ 'ನಾ ಹ್ಯಾಂಗ ಹೇಳ್ಲಿ, ನೀನ ತಿಳಕೋ' ಅಂದ್ರು. ನಾನೂ ಹೆಣ್ಣಲ್ರಿ, ತಿಳಕೊಂಡೆ." ಆಮೇಲೆ ದನಿ ತಗ್ಗಿಸಿದರು. "ನಿಮ್ಮ ಹುಡುಗಿ ಇವತ್ತ ಸಾಲ್ಯಾಗ ದೊಡ್ಡಾಕಿ ಆಗ್ಯಾಳ್ರಿ."

ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

ಆ ಸಪ್ಪಳ ನಿಂತದ್ದು ಕಟ್ಟೆಗೂ ಕೇಳಿರಬೇಕು. ಮುತ್ಯಾನ ದನಿ ಬಂತು, "ಏನಂತಬೇ? ಮಾಸ್ತರ ಏನ ಹೇಳಿ ಕಳಿಸ್ಯಾನ?"

ನಾನು ಚೀಲಕ್ಕೆ ಮುಖ ಒತ್ತಿಕೊಂಡೆ. ಅವ್ವ ಮುತ್ಯಾನಿಗೆ ಸುಳ್ಳು ಹೇಳಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಒಮ್ಮೆ ಬೆಣ್ಣೆಯ ಗಡಿಗೆ ಒಡೆದಾಗಲೂ ತಾನೇ ಹೋಗಿ ಹೇಳಿ ಬೈಗುಳ ತಿಂದವಳು. ಈಗ ಹೇಳುತ್ತಾಳೆ, ನಾಳೆ ನನ್ನನ್ನು ಪಡಸಾಲೆಯಲ್ಲಿ ಕೂಡಿಸುತ್ತಾರೆ, ಮುಗಿಯಿತು ಅಂದುಕೊಂಡೆ.

ಅವ್ವ ಒಳಗಿನಿಂದಲೇ ಕೂಗಿ ಹೇಳಿದಳು, "ಏನಿಲ್ರಿ ಮಾವಾರ. ಹುಡುಗಿ ಪಾಠಾ ಚಲೋ ಹೇಳತಾಳಂತ. ಪರೀಕ್ಷಾ ಮುಗಿಯೂತನಾ ಬಿಡಿಸಬ್ಯಾಡ್ರಿ ಅಂತ ಹೇಳಾಕ ಬಂದಾರ."

ಹೊರಗೆ ಮುತ್ಯಾ ತಂಬಾಕು ಉಗುಳಿದ ಸಪ್ಪಳ ಬಂತು. ಆಮೇಲೆ, "ಆತು. ಬಾಯಾರಿಗೆ ಸುಲಗಾಯಿ ಕಟ್ಟಿಕೊಡು" ಅಂದ ಮುತ್ಯಾ.

ರೊಟ್ಟಿಯ ಸಪ್ಪಳ ಮತ್ತೆ ಶುರುವಾಯಿತು.

ಮಾಸ್ತರರ ಹೆಂಡತಿ ಹೋದಮೇಲೆ ಅವ್ವ ನನ್ನ ಹತ್ತಿರ ಬಂದಳು. ತಲೆ ಸವರಲಿಲ್ಲ, ಕಣ್ಣೀರು ಹಾಕಲಿಲ್ಲ. "ಆ ಪರಕಾರ ಎಲ್ಲೈತಿ? ತಾ ಇಲ್ಲಿ. ದೇವರ ಜಗಲಿ ಕಡೆ ಹೋಗಬ್ಯಾಡ. ಯಾರ ಕೇಳಿದ್ರೂ ಜಡ್ಡ ಅನ್ನು," ಅಂದಳು. ಅಷ್ಟೇ.

ನನಗೆ ಜ್ವರ ಅಂತ ಮನೆಯಲ್ಲಿ ಹೇಳಿದಳು. ನಾಲ್ಕನೆಯ ದಿನ ತಲೆಗೆ ನೀರು ಹಾಕಿ ಸಾಲಿಗೆ ಕಳಿಸಿದಳು. ಇತಿಹಾಸದ ತಾಸಿನಲ್ಲಿ ಮಾಸ್ತರರು ಮೊದಲು ನನ್ನನ್ನೇ ಕರೆದರು. "ಮೊನ್ನೆ ಕೂತು ಹೇಳಿದ್ದು ಲೆಕ್ಕಕ್ಕಿಲ್ಲ. ನಿಲ್ಲು, ನಡಿ, ತೋರಸು, ಹೇಳು." ನಿಂತೆ, ನಡೆದೆ, ತೋರಿಸಿದೆ, ಹೇಳಿದೆ. "ಕೂಡು" ಅಂದರು. ಚಲೋ ಹೇಳಿದಿ ಅಂತ ಅನ್ನಲಿಲ್ಲ. ಆದರೆ ಆ ದಿನವೂ ಗಂಟೆ ಬಾರಿಸಿದಾಗ ಹುಡುಗರನ್ನೇ ಮೊದಲು ಕಳಿಸಿದರು. ಅಂದಿನಿಂದ ಅವರ ತಾಸಿನಲ್ಲಿ ಅದೇ ನಿಯಮವಾಯಿತು. ಯಾಕೆ ಅಂತ ಅವರು ಹೇಳಲಿಲ್ಲ, ಕೇಳುವ ಎದೆ ಯಾರಿಗೂ ಇರಲಿಲ್ಲ.

ಮನೆಯಲ್ಲಿ ಹೆದರಿಕೆ ಮುಂದುವರಿಯಿತು. ಒಂದು ತಿಂಗಳು ಅವ್ವ ನನಗೆ ಕೆಮ್ಮು ಅಂದಳು, ಇನ್ನೊಂದು ತಿಂಗಳು ಕಾಲು ಉಳುಕಿದೆ ಅಂದಳು. ಮುತ್ಯಾ ಒಮ್ಮೆ ಅವ್ವನನ್ನು ನೋಡಿ, "ಈ ಹುಡುಗಿ ಜಡ್ಡಿಗೂ ಪಂಚಾಂಗ ಗೊತ್ತೈತೇನ? ತಿಂಗಳ ತಿಂಗಳ ಸರಿಯಾಗಿ ಬರತೈತಲ್ಲ," ಅಂದ. ಅವ್ವ ಸೆರಗು ಎಳೆದುಕೊಂಡು ಒಳಗೆ ಹೋದಳು. ಅವನು ಮುಂದೆ ಕೇಳಲಿಲ್ಲ. ತಿಳಿದೂ ಸುಮ್ಮನಿದ್ದನೋ, ತಿಳಿಯಲೇ ಇಲ್ಲವೋ, ಅವನು ಸಾಯುವವರೆಗೆ ನನಗೆ ಗೊತ್ತಾಗಲಿಲ್ಲ.

ಚಿಕ್ಕನರಗುಂದದವನು ಎರಡು ಸಲ ಹೇಳಿ ಕಳಿಸಿದ. ಮುತ್ಯಾ, "ಇನ್ನೂ ಆಗಿಲ್ಲ" ಅಂತ ತಿರುಗಿ ಹೇಳಿ ಕಳಿಸಿದ. ಅವನಿಗೆ ಕಾಯುವ ಪುರಸೊತ್ತು ಇರಲಿಲ್ಲ, ಮನೆಯಲ್ಲಿ ಕೆಲಸಕ್ಕೆ ಕೈ ಬೇಕಾಗಿತ್ತು. ಯುಗಾದಿಗೆ ಮೊದಲೇ ಬೇರೆ ಹುಡುಗಿಯನ್ನು ಮದುವೆಯಾದ. ಆ ಸುದ್ದಿ ಬಂದ ದಿನ ಅವ್ವ ಹೂರಣದ ಹೋಳಿಗೆ ಮಾಡಿದಳು. ಮುತ್ಯಾ ಯಾಕೆ ಅಂದದ್ದಕ್ಕೆ ಬೇಳೆ ಹುಳ ಹಿಡಿಯುತ್ತಿತ್ತು ಅಂದಳು. ನಾನು ತಿಂದೆ. ಆ ಬೇರೆ ಹುಡುಗಿಯ ಗತಿ ಏನಾಯಿತು ಅಂತ ನಾನು ಯಾರನ್ನೂ ಕೇಳಲಿಲ್ಲ. ಕೇಳಲು ಈಗಲೂ ಅಂಜಿಕೆ.

ಪರೀಕ್ಷೆ ಬರೆದೆ, ಪಾಸಾದೆ. ಅದಾದಮೇಲೆ ಬೇಸಿಗೆಯಲ್ಲಿ ಅವ್ವ ನಾನು ದೊಡ್ಡಾಕಿ ಆದೆ ಅಂತ ಸಾರಿದಳು. ಕೂಡಿಸಿದರು, ಹಾಡಿದರು, ಉಂಡಿ ಹಂಚಿದರು. ಕಮಲಾ ಬಂದು ಉಂಡಿ ಬಾಯಿಗಿಟ್ಟುಕೊಂಡು, "ಭಾಳ ಲಗೂ ಆದಿ ನೋಡವಾ" ಅಂತ ಕಿವಿಯಲ್ಲಿ ಅಂದಳು. ನನಗೆ ನಗು ತಡೆಯಲು ಆಗಲಿಲ್ಲ, ಹಾಡುವ ಹೆಂಗಸರು ಈ ಹುಡುಗಿಗೆ ನಾಚಿಕೆಯೇ ಇಲ್ಲ ಅಂದರು. ಚೀಲ ಗೂಟಕ್ಕೆ ಹೋಯಿತು. ಎರಡು ವರ್ಷದ ಮೇಲೆ ರಾಜೂರಿಗೆ ಕೊಟ್ಟರು. ಗಂಡ ಸಾಧು ಮನುಷ್ಯ, ಎಂದೂ ಕೈ ಎತ್ತಲಿಲ್ಲ. ಇನ್ನೂ ಓದಬೇಕಾಗಿತ್ತೇ ಅಂದರೆ ಹೌದು, ಓದಬೇಕಾಗಿತ್ತು. ಆಗಲಿಲ್ಲ.

ಇತಿಹಾಸದ ಮಾಸ್ತರರು ವರ್ಗವಾಗಿ ಬೇರೆ ಊರಿಗೆ ಹೋದರು. ಅವರ ಹತ್ತಿರ ನಾನು ಆ ವಿಷಯ ಎಂದೂ ಮಾತಾಡಲಿಲ್ಲ. ಹೇಗೆ ಮಾತಾಡುವುದು? ಇಂದಿಗೂ ಮದುವೆ ಮುಂಜಿಯಲ್ಲಿ ಕೂತರೆ ಎಲ್ಲರೂ ಎದ್ದ ಮೇಲೆಯೇ ನಾನು ಏಳುವುದು. ಎದ್ದ ಮೇಲೆ ಒಮ್ಮೆ ತಿರುಗಿ ಕೂತ ಜಾಗ ನೋಡುತ್ತೇನೆ. ಮುದುಕಿಯಾಗಿ ಅದರ ಕಾಲ ಮುಗಿದು ಎಷ್ಟೋ ವರ್ಷವಾಯಿತು, ಆದರೂ ನೋಡುತ್ತೇನೆ.

ನನ್ನ ಹಿರಿಯ ಮಗಳು ಹೈಸ್ಕೂಲಿಗೆ ಹೋಗತೊಡಗಿದಾಗ ಒಂದು ದಿನ ಅವಳನ್ನು ಕೇಳಿದೆ, ಗಂಟೆ ಬಾರಿಸಿದಾಗ ಮೊದಲು ಯಾರು ಹೊರಗೆ ಹೋಗುತ್ತಾರೆ ಅಂತ. "ನಾವ ಅವ್ವಾ, ಹುಡುಗ್ರು ಕೂತಿರತಾರ" ಅಂದಳು. ಮರುದಿನ ಸೆರಗು ಹೊದ್ದುಕೊಂಡು ನಾನೇ ಸಾಲಿಗೆ ಹೋದೆ. ಹೆಡ್‌ಮಾಸ್ತರರು ಎಳೆ ವಯಸ್ಸಿನವರು, ಕೂಡಲು ಕುರ್ಚಿ ತೋರಿಸಿದರು. ನಾನು ಕೂಡಲಿಲ್ಲ.

"ಗಂಟಿ ಹೊಡದ ಕೂಡ್ಲೆ ಗಂಡಹುಡುಗ್ರನ್ನ ಮೊದಲ ಹೊರಗ ಕಳಸ್ರಿ," ಅಂದೆ. "ಹುಡುಗ್ಯಾರು ಹಿಂದಿಂದ ಬರಲಿ."

"ಅಕ್ಕಾರ, ಹುಡುಗ್ಯಾರಿಗೆ ಮರ್ಯಾದಿ ಕೊಡಬೇಕಂತನ ಹಂಗ ಮಾಡೇವ್ರಿ. ಅದರಾಗ ತಪ್ಪೇನೈತಿ? ಯಾಕಂತರೆ ಹೇಳ್ರಿ."

"ಯಾಕಂತ ಮನಿಗೆ ಹೋಗಿ ನಿಮ್ಮ ಮನಿಯವರನ್ನ ಕೇಳ್ರಿ," ಅಂದು ಬಂದುಬಿಟ್ಟೆ.

ಮರುದಿನ ಸಂಜೆ ನಾನು ಒಲೆಯ ಮುಂದೆ ಕೂತಿದ್ದಾಗ ಮಗಳು ಚೀಲ ಮೂಲೆಗೆ ಎಸೆದು ಬಂದಳು. "ಅವ್ವಾ, ಇವತ್ತ ಹುಡುಗ್ರನ್ನ ಮೊದಲ ಬಿಟ್ರು. ಯಾಕೋ ಏನೋ!" ಅಂದಳು.

"ಹೌದ?" ಅಂದೆ. ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.